ಎದುರು ಕಡೆಯ ವಕೀಲೆ

ಬಚ್ಚಲುಮನೆಯ ಒಳಗಿಂದ ನನ್ನ ಮಗಳು ಯಾರನ್ನೋ ‘ಮೈ ಲಾರ್ಡ್’ ಎಂದು ಕರೆಯುತ್ತಿದ್ದಳು.

ಬೆಳಗಿನ ಹೊತ್ತು. ನಾನು ಹೊರಗೆ ಅವಳ ಚೂಡಿದಾರಕ್ಕೆ ಇಸ್ತ್ರಿ ಹಾಕುತ್ತಿದ್ದೆ. ಬಕೆಟ್ ತುಂಬಿ ನೀರು ಹೊರಗೆ ಹರಿಯುವ ಸದ್ದು ಕೇಳುತ್ತಿತ್ತು, ಅದರ ಮೇಲಿಂದ ಇಂಗ್ಲಿಷ್. ಮಗ್ಗಿ ಒಪ್ಪಿಸಿದ ಹಾಗೆ, ಒಂದೇ ಉಸಿರಿನಲ್ಲಿ. ಒಂದು ಕಡೆ ಬಂದು ಥಟ್ಟನೆ ನಿಲ್ಲುತ್ತಿತ್ತು. ಪುನಃ ಮೊದಲಿನಿಂದ ‘ಮೈ ಲಾರ್ಡ್’. ಪುನಃ ಅದೇ ಜಾಗದಲ್ಲಿ ಮೌನ.

ನನಗೆ ಅರ್ಥವಾದದ್ದು ‘ಮೈ ಲಾರ್ಡ್’ ಮತ್ತು ‘ಆಕ್ಸಿಡೆಂಟ್’ ಮಾತ್ರ. (ಕಾಪುವಿನ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು ನಾನು. ಆಮೇಲೆ ಹೊಲಿಗೆ ಮಿಷಿನ್. ಈ ಅಂಕಣದ ಹಳೆಯ ಓದುಗರಿಗೆ ಇದನ್ನು ಮತ್ತೆ ಹೇಳಬೇಕಾಗಿಲ್ಲ.)

ದೀಕ್ಷಾ ಉಡುಪಿಯಲ್ಲಿ ಲಾ ಓದುತ್ತಿದ್ದಾಳೆ. ಐದು ವರ್ಷದ ಕೋರ್ಸಿನಲ್ಲಿ ಈಗ ಮೂರನೆಯದು. ಅವಳೂ ಹತ್ತನೆಯವರೆಗೆ ಕನ್ನಡ ಮೀಡಿಯಂ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಈಗ ಪುಸ್ತಕದಲ್ಲಿ ಇಂಗ್ಲಿಷ್. ಅದೆಂಥ ಇಂಗ್ಲಿಷ್? ಒಂದು ವಾಕ್ಯ ಹೊರಟರೆ ಮುಗಿಯುವುದು ಮುಂದಿನ ಪುಟದಲ್ಲಿ. ನಡುವೆ ಎಲ್ಲೂ ಸ್ಟಾಪ್ ಇಲ್ಲ. ಮೊದಲ ವರ್ಷ ಅವಳು ಪ್ರತಿ ಶಬ್ದದ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆಯುತ್ತಿದ್ದಳು. ಕೊನೆಗೆ ಪುಟದಲ್ಲಿ ಇಂಗ್ಲಿಷೇ ಕಾಣುತ್ತಿರಲಿಲ್ಲ.

ಆದರೂ ಓದಿದಳು. ಪಾಸಾದಳು. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಮನೆಯವರನ್ನು ಅಲ್ಲಿಯವರು ‘ಲಾಯರ್‌ನ ಅಪ್ಪ’ ಎಂದು ತಮಾಷೆ ಮಾಡುತ್ತಿದ್ದರಂತೆ. ಅದು ತಮಾಷೆ ಎಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಮನೆಗೆ ಬಂದು ನನಗೆ ಹೇಳಿ ನಗುತ್ತಿದ್ದರು.

ಕಳೆದ ವರ್ಷ ಕೆಲವು ವಾರ ಈ ಅಂಕಣ ಬರಲಿಲ್ಲ. ಯಾಕೆಂದು ನಿಮಗೆ ಗೊತ್ತು. ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದವರಿಗೆ ನಮ್ಮ ಮನೆಯ ಹತ್ತಿರವೇ ಹೈವೇಯಲ್ಲಿ ಯಾವುದೋ ಗಾಡಿ ಗುದ್ದಿತು. ಅವರು ಉಳಿಯಲಿಲ್ಲ. ಯಾವ ಗಾಡಿ ಎಂದು ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಕೇಸು ಎಲ್ಲಿಗೂ ಹೋಗಲಿಲ್ಲ. ಯಾರೂ ಏನನ್ನೂ ವಿಚಾರಿಸಲಿಲ್ಲ. ಮನೆಯೊಳಗೆ ನಾವಿಬ್ಬರೂ ವಿಚಾರಿಸಲಿಲ್ಲ.

ಈಗ ಬಚ್ಚಲುಮನೆಯ ವಿಷಯಕ್ಕೆ ಬರುತ್ತೇನೆ.

ಅದರ ಹಿಂದಿನ ದಿನ ದೀಕ್ಷಾಳ ಕಾಲೇಜಿನ ಸರ್ ಫೋನ್ ಮಾಡಿದ್ದರು. ಮಕ್ಕಳ ಕಾಲೇಜಿನಿಂದ ತಾಯಿಗೆ ಫೋನ್ ಬಂದರೆ ಒಳ್ಳೆಯ ಸುದ್ದಿ ಇರುತ್ತದೆಯೇ? ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

“ಹೆದರಬೇಡಿ ಅಮ್ಮ. ಮೂಟ್ ಕೋರ್ಟಿನದ್ದು ವಿಷಯ” ಎಂದರು.

ಮೂಟ್ ಕೋರ್ಟ್ ಎಂದರೆ ಅಣಕು ನ್ಯಾಯಾಲಯ. ಮಕ್ಕಳೇ ವಕೀಲರು, ಮೇಷ್ಟ್ರೇ ಜಡ್ಜ್. ಕೇಸು ಸುಳ್ಳು, ಮಾರ್ಕು ನಿಜ. ಯಾರು ಯಾವ ಕಡೆಗೆ ವಾದಿಸಬೇಕೆಂದು ಚೀಟಿ ಎತ್ತುತ್ತಾರಂತೆ. ಬಂದದ್ದನ್ನು ವಾದಿಸಬೇಕು. ಎಲ್ಲವೂ ಇಂಗ್ಲಿಷಿನಲ್ಲಿ.

“ದೀಕ್ಷಾ ಎದ್ದು ನಿಂತಳು. ಒಳ್ಳೇ ಶುರು ಮಾಡಿದಳು. ಆಮೇಲೆ ಒಮ್ಮೆಲೇ ನಿಂತುಹೋಯ್ತು. ನಾನು ಕಾದೆ. ಅವಳು ಕೂತೇಬಿಟ್ಟಳು. ಇಂಗ್ಲಿಷಿನದ್ದು ಪ್ರಾಬ್ಲೆಮ್ ಅಷ್ಟೇ. ಕನ್ನಡ ಮೀಡಿಯಂನಿಂದ ಬಂದವರಿಗೆ ಇದು ಇದ್ದದ್ದೇ. ಮುಂದಿನ ಶನಿವಾರ ಇನ್ನೊಂದು ಚಾನ್ಸ್ ಕೊಡ್ತೇನೆ. ಆಗಲೂ ಹೀಗಾದ್ರೆ ಮಾತ್ರ ಕಷ್ಟ. ಈ ಪೇಪರ್ ಹೋಗ್ತದೆ.”

ಒಳ್ಳೆಯ ಮನುಷ್ಯ. ಎರಡು ಉಪಾಯವನ್ನೂ ಹೇಳಿದರು. ಒಂದು, ಮಣಿಪಾಲದಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್. ಇನ್ನೊಂದು, “ಕೇಸನ್ನು ಮನೆಯಲ್ಲಿ ನಿಮಗೆ ಹೇಳ್ಲಿ. ತುಳುವಿನಲ್ಲೇ ಹೇಳ್ಲಿ, ತೊಂದರೆ ಇಲ್ಲ. ಅಮ್ಮನಿಗೆ ಅರ್ಥ ಮಾಡಿಸ್ಲಿಕ್ಕೆ ಬಂದ್ರೆ ಜಡ್ಜಿಗೂ ಬರ್ತದೆ. ಅಮ್ಮಂದಿರಷ್ಟು ಅಡ್ಡಪ್ರಶ್ನೆ ಯಾವ ಜಡ್ಜೂ ಕೇಳುದಿಲ್ಲ!”

ಸಂಜೆ ದೀಕ್ಷಾ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು. “ಸರ್ ಫೋನ್ ಮಾಡಿದ್ರಾ? ಎಂತ ಹೇಳಿದ್ರು?”

“ಇಂಗ್ಲಿಷಿನದ್ದು ಪ್ರಾಬ್ಲೆಮ್ ಅಂತೆ.”

“ಹೌದು. ಇಂಗ್ಲಿಷಿನದ್ದೇ.”

ಅಷ್ಟು ಬೇಗ ಏನನ್ನೂ ಒಪ್ಪಿಕೊಳ್ಳುವ ಹುಡುಗಿ ಅಲ್ಲ ಅವಳು. ಸಾಂಬಾರಿಗೆ ಉಪ್ಪು ಕಡಿಮೆ ಎಂದರೂ ವಾದಕ್ಕೆ ನಿಲ್ಲುವವಳು. (ಅದಕ್ಕೇ ಲಾ ಓದಲಿ ಎಂದು ಅವಳ ಅಪ್ಪ ಹೇಳಿದ್ದು.) ಆಮೇಲೆ ತಟ್ಟೆಯ ಮುಂದೆ ಕೂತು ಮೆಲ್ಲ ಹೇಳಿದಳು. “ಇನ್ನೊಮ್ಮೆ ನಿಲ್ಲಲಿಕ್ಕೆ ನನ್ನಿಂದ ಆಗುದಿಲ್ಲ ಅಮ್ಮ. ಕೋರ್ಸ್ ಬಿಡ್ತೇನೆ. ಎಲ್ಲಿಯಾದರೂ ಕೆಲಸಕ್ಕೆ ಸೇರ್ತೇನೆ.”

ಬಿಡುತ್ತಾಳಂತೆ! ಹಾಗೆಂದವಳೇ ಮರುದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ‘ಮೈ ಲಾರ್ಡ್’ ಎನ್ನುತ್ತಿದ್ದದ್ದು, ಅದೇ ಜಾಗದಲ್ಲಿ ನಿಲ್ಲುತ್ತಿದ್ದದ್ದು. ಹೋದವರು ಬಿಟ್ಟುಹೋದ ಆಸೆ ಎಂದು ಈ ಮನೆಯಲ್ಲಿ ಇದ್ದದ್ದು ಅದೊಂದೇ. ಅದೂ ಹೋದರೆ?

ಮಣಿಪಾಲಕ್ಕೆ ನಾನೇ ಎಳೆದುಕೊಂಡು ಹೋದೆ. ಉಡುಪಿಯಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಮೇಲೆ ಹತ್ತಿ, ಒಂದು ಹೋಟೆಲಿನ ಮೇಲಿನ ಮಾಳಿಗೆ. ಕಲಿಸುವವರು ದೀಕ್ಷಾಳಿಗಿಂತ ಸ್ವಲ್ಪವೇ ದೊಡ್ಡವರಿರಬೇಕು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹವ್ಯಾಸ ಏನೆಂದು ಕೇಳಿದರು. ಪರ್ಕಳದಿಂದ ಬಂದ ಒಬ್ಬರು ಕ್ರಿಕೆಟ್ ಎಂದರು. ದೀಕ್ಷಾ ‘ರೀಡಿಂಗ್’ ಎಂದಳು. ‘ವೆರಿ ಗುಡ್’ ಎಂದರು. ಕ್ಲಾಸು ಮುಗಿಯಿತು.

ನಾನು ಹಿಂದಿನ ಬೆಂಚಿನಿಂದ ಎದ್ದು ಕೇಳಿದೆ. “ಸರ್, ಇವಳು ಲಾ ಓದುದು. ಜಡ್ಜ್ ಮಧ್ಯದಲ್ಲಿ ತಡೆದು ಪ್ರಶ್ನೆ ಕೇಳಿದ್ರೆ ಎಂತ ಹೇಳ್ಬೇಕು ಅಂತ ಇಲ್ಲಿ ಕಲಿಸ್ತೀರಾ?”

“ಫಸ್ಟ್ ಕಾನ್ಫಿಡೆನ್ಸ್, ಆಂಟಿ. ಆಮೇಲೆ ಎಲ್ಲ ತನ್ನಷ್ಟಕ್ಕೆ ಬರ್ತದೆ.”

ಇಳಿಯುವಾಗ ದೀಕ್ಷಾ ಮೆಟ್ಟಿಲಲ್ಲೇ ಹೇಳಿದಳು. “ಯಾವ ಕೋರ್ಟಿನಲ್ಲಿ ಹವ್ಯಾಸ ಕೇಳ್ತಾರೆ ಅಮ್ಮ?” ಮತ್ತೆ ಹೋಗಲಿಲ್ಲ.

ಭಾನುವಾರ ಕಾರ್ಕಳದಿಂದ ಅವಳ ಗೆಳತಿ ಜೆನಿಟಾ ಬಂದಳು. ಇದೇ ಮೂಟ್‌ನಲ್ಲಿ ದೀಕ್ಷಾಳ ಎದುರು ಕಡೆಯ ವಕೀಲೆ ಅವಳೇ. ಕೋರ್ಟಿನಲ್ಲಿ ಜಗಳ, ಹೊರಗೆ ಒಂದೇ ಟಿಫಿನ್. ಮೊದಲಿನಿಂದಲೂ ಇಂಗ್ಲಿಷ್ ಮೀಡಿಯಂ. ತೀರ್ಪು ಓದಿದರೆ ರೇಡಿಯೋ ಕೇಳಿದ ಹಾಗೆ ಕೇಳುತ್ತದೆ. ಅವತ್ತು ಒಂದು ತೀರ್ಪಿನ ಉದ್ದ ವಾಕ್ಯ ಓದಿ ಮುಗಿಸಿ ದೀಕ್ಷಾಳ ಮುಖ ನೋಡಿದಳು. “ಈಗ ಇದರ ಅರ್ಥ ಎಂತ ಮಾರಾಯ್ತಿ?”

ನನಗೆ ಆಶ್ಚರ್ಯ. “ನಿನಗೆ ಇಂಗ್ಲಿಷ್ ಬರ್ತದಲ್ಲ ಮಗಾ?”

“ಇದು ಇಂಗ್ಲಿಷಲ್ಲ ಆಂಟಿ, ಜಡ್ಜರ ಭಾಷೆ! ನನಗೆ ಓದಲಿಕ್ಕೆ ಬರ್ತದೆ, ತಲೆಗೆ ಹೋಗುದಿಲ್ಲ. ಇವಳಿಗೆ ತಲೆಗೆ ಹೋಗ್ತದೆ, ಬಾಯಿಗೆ ಬರುದಿಲ್ಲ. ನಾವಿಬ್ಬರು ಸೇರಿದ್ರೆ ಒಬ್ಬಳು ವಕೀಲೆ.”

ದೀಕ್ಷಾ ಆ ವಾಕ್ಯವನ್ನು ತುಂಡು ತುಂಡು ಮಾಡಿ ಹೇಳಿಕೊಟ್ಟಳು. ಯಾರು ಮಾಡಿದ್ದು, ಯಾರಿಗೆ ಮಾಡಿದ್ದು, ಆಮೇಲೆ ಏನಾಯಿತು. ಹೇಳುತ್ತಾ ಹೇಳುತ್ತಾ ಅವಳ ಬೆನ್ನು ನೆಟ್ಟಗಾಗಿತ್ತು. ನಾನು ನೋಡುತ್ತಲೇ ಇದ್ದೆ. ಇಷ್ಟು ತಿಳಿದವಳಿಗೆ ನಾಲ್ಕು ಜನರ ಎದುರು ಬಾಯಿ ಕಟ್ಟುವುದು ಯಾಕೆ?

ಹೊರಡುವಾಗ ಜೆನಿಟಾ ಗೇಟಿನ ಹತ್ತಿರ ನಿಂತು ಏನೋ ಹೇಳಲು ಬಾಯಿ ತೆರೆದಳು. ದೀಕ್ಷಾ ಅವಳ ಕೈ ಹಿಡಿದು “ಬಸ್ ಬಂತು ಬಸ್ ಬಂತು” ಎಂದು ಎಳೆದಳು. ಬಸ್ಸು ಬಂದಿರಲಿಲ್ಲ.

ಉಳಿದದ್ದು ಸರ್ ಹೇಳಿದ ಎರಡನೆಯ ಉಪಾಯ.

ಮರುದಿನ ಅವಳು ಕಾಲೇಜಿನಿಂದ ಬಂದು ಕಾಫಿ ಕುಡಿದ ಮೇಲೆ ನಾನು ಮಿಷಿನ್ ನಿಲ್ಲಿಸಿದೆ. ಅವಳು ನೆಲದಲ್ಲಿ ಬಟ್ಟೆಯ ತುಂಡುಗಳ ನಡುವೆ ಕೂತಿದ್ದಳು. (ನಾವು ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

“ಹೇಳು” ಎಂದೆ.

“ಎಂತ ಹೇಳುದು?”

“ಕೇಸು. ನನಗೆ ಹೇಳ್ಬೇಕು ಅಂತ ಸರ್ ಹೇಳಿದ್ದಾರೆ.”

“ನಿಂಗೆ ಅರ್ಥ ಆಗುದಿಲ್ಲ ಅಮ್ಮ.”

“ಅರ್ಥ ಆಗದಿದ್ರೆ ತಪ್ಪು ನಿನ್ನದಂತೆ. ಅದನ್ನೂ ಸರ್ ಹೇಳಿದ್ದು.”

“ಬಿಡು ಅಮ್ಮ, ಪ್ಲೀಸ್.”

ನಾನು ಬಿಡಲಿಲ್ಲ. ಅಂಜಿಕೆ ಹಿಡಿದ ತಾಯಿ ಯಾವಾಗ ಬಿಟ್ಟಿದ್ದಾಳೆ? ಈ ಹುಡುಗಿ ಕೋರ್ಸು ಬಿಡುತ್ತಾಳೆ ಎಂಬ ಹೆದರಿಕೆಯಲ್ಲಿ ನಾನು ಮತ್ತೆ ಮತ್ತೆ ಅದನ್ನೇ ಹೇಳಿದೆ. ಇಂಗ್ಲಿಷ್ ಬೇಡ. ನಮ್ಮ ಭಾಷೆಯಲ್ಲೇ ಹೇಳು. ನಮ್ಮ ಭಾಷೆಯಲ್ಲಿ ಹೇಳಲಿಕ್ಕೆ ಎಂತ ಕಷ್ಟ?

ಅವಳು ಒಂದು ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡಳು.

“ಒಬ್ಬರು ಇದ್ದರು” ಎಂದಳು. “ಕೆಲಸ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಬರ್ತಾ ಇದ್ದರು. ಹೈವೇಯಲ್ಲಿ. ಮನೆ ಆಚೆ ಬದಿಯಲ್ಲಿ. ಯೂ ಟರ್ನ್ ದೂರ ಇತ್ತು. ಅದಕ್ಕೆ...”

“ಅದಕ್ಕೆ?”

“ಅದಕ್ಕೆ ಮೊದಲೇ ದಾಟಿ ರಾಂಗ್ ಸೈಡಲ್ಲಿ ಬಂದರು. ಲಾರಿ ಗುದ್ದಿತು. ಅವರ ಹೆಂಡತಿ ಕೇಸು ಹಾಕಿದ್ದಾರೆ.”

ನನ್ನ ಕಾಲು ಮಿಷಿನಿನ ಪೆಡಲ್ ಮೇಲೆ ತಾನಾಗಿ ಒತ್ತಿತು. ಸೂಜಿ ಬರಿದೇ ಎರಡು ಸಲ ಮೇಲೆ ಕೆಳಗೆ ಹೋಯಿತು.

“ನೀನು ಹೆಂಡತಿಯ ವಕೀಲೆಯಾ?”

“ಅಲ್ಲ. ಅದು ಜೆನಿಟಾ. ಚೀಟಿ ಎತ್ತಿದಾಗ ನನಗೆ ಲಾರಿಯ ಇನ್ಶೂರೆನ್ಸ್ ಕಂಪೆನಿ ಬಂತು.” ತಲೆ ಎತ್ತಲಿಲ್ಲ. “ತಪ್ಪು ಲಾರಿಯವನದ್ದು ಮಾತ್ರ ಅಲ್ಲ, ಸತ್ತವರದ್ದೂ ಉಂಟು ಅಂತ ನಾನು ಹೇಳ್ಬೇಕು.”

ನಮ್ಮೂರಿನಲ್ಲಿ ಹೈವೇ ಕೇಸಿಗೆ ಬರವೇ? ಸರ್ ಯಾರ ಮನೆಯನ್ನೂ ನೋಡಿ ಅದನ್ನು ಬರೆದಿರಲಿಕ್ಕಿಲ್ಲ. ಯಾವ ಮನೆಯನ್ನು ನೋಡಿ ಬರೆದರೂ ಹೀಗೆಯೇ ಇರುತ್ತಿತ್ತು. ದೀಕ್ಷಾಳ ಅಪ್ಪ ಇಲ್ಲ ಎನ್ನುವುದು ಅವರಿಗೆ ಗೊತ್ತು. ಹೇಗೆ ಹೋದರೆಂದು ಇವಳು ಕಾಲೇಜಿನಲ್ಲಿ ಹೇಳಿರಲಿಲ್ಲ.

ಸತ್ತವರದ್ದೂ ತಪ್ಪು ಉಂಟು ಎನ್ನಲು ಇಂಗ್ಲಿಷಿನಲ್ಲಿ ಎರಡು ಉದ್ದ ಶಬ್ದ ಉಂಟಂತೆ. ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್. ಪುಸ್ತಕದಲ್ಲಿ ಅದು ಪುಸ್ತಕದಷ್ಟಕ್ಕೆ ಇರುತ್ತದೆ. ಸತ್ತವರಿಗೂ ಒಂದು ಶಬ್ದ, ‘ಡಿಸೀಸ್ಡ್’. ಹೆಸರಿಲ್ಲ, ಊರಿಲ್ಲ, ಸ್ಕೂಟರ್ ಇಲ್ಲ. ಅದರ ಮರೆಯಲ್ಲಿ ನಿಂತು ಹೇಗಾದರೂ ದಾಟಿಬಿಡಬಹುದೆಂದು ಇವಳು ಬಾಯಿಪಾಠ ಮಾಡಿದ್ದಳು. ಆದರೆ ಆ ಶಬ್ದ ಬಂದಾಗಲೇ ನಾಲಿಗೆ ನಿಲ್ಲುತ್ತಿತ್ತು. ನಾನೋ, ಸಹಾಯ ಮಾಡಲು ಹೋಗಿ ಆ ಮರೆಯನ್ನೂ ಕಿತ್ತುಹಾಕಿದ್ದೆ.

“ಸರ್ ಹತ್ತಿರ ಹೇಳಬಾರದಾ? ಕಡೆ ಬದಲು ಮಾಡಿಕೊಡ್ತಾರೆ.”

“ಜೆನಿಟಾನೂ ಬದಲು ಮಾಡುವಾ ಅಂದಳು. ಕಾರಣ ಹೇಳ್ಬೇಕಲ್ಲ. ಹೇಳಿದ್ರೆ ಕ್ಲಾಸಿಗೆ ಕ್ಲಾಸೇ ‘ಪಾಪ’ ಅಂತದೆ. ಇಂಗ್ಲಿಷ್ ಬರುದಿಲ್ಲ ಅಂದ್ರೆ ಪಾಪ ಅನ್ನುದಿಲ್ಲ, ಕ್ಲಾಸಿಗೆ ಹೋಗು ಅಂತಾರೆ ಅಷ್ಟೇ. ಕನ್ನಡ ಮೀಡಿಯಂನವರು ಇಂಗ್ಲಿಷ್ ಬರುದಿಲ್ಲ ಅಂದ್ರೆ ಎಲ್ಲರೂ ನಂಬ್ತಾರೆ ಅಮ್ಮ. ಎರಡನೇ ಪ್ರಶ್ನೆ ಕೇಳುದಿಲ್ಲ.”

ಆಮೇಲೆ ಅವಳೇ ಕೇಳಿದಳು. ಒಂದು ವರ್ಷದಿಂದ ಈ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ.

“ಪಪ್ಪ ರಾಂಗ್ ಸೈಡಲ್ಲಿ ಬಂದದ್ದಾ?”

ಬೊಜ್ಜದ ಊಟದ ದಿನ, ಸತ್ತವರ ಹೆಸರಿನಲ್ಲಿ ಊರಿಗೆ ಬಡಿಸುವ ಆ ಪಂಕ್ತಿಯಲ್ಲೇ, ಯಾರೋ ಇದನ್ನು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅವಳ ಕಿವಿಗೂ ಬಿದ್ದಿತ್ತೆಂದು ನನಗೆ ಗೊತ್ತಿರಲಿಲ್ಲ.

“ನಾನು ನೋಡಲಿಲ್ಲ” ಎಂದೆ.

“ದಿನಾ ಹೇಗೆ ಬರ್ತಿದ್ದರು?”

ಹೈವೇ ಅಗಲವಾದ ಮೇಲೆ ನಮ್ಮ ಓಣಿಯ ಎದುರು ಡಿವೈಡರ್ ಬಂತು. ಸರಿಯಾಗಿ ಬರಬೇಕೆಂದರೆ ಮನೆಯನ್ನು ದಾಟಿ ಎಷ್ಟೋ ಮುಂದೆ ಹೋಗಿ ತಿರುಗಿ ಬರಬೇಕು. ಮೊದಲೇ ಸಿಗುವ ಸಂದಿಯಲ್ಲಿ ದಾಟಿ ನಾಲ್ಕು ಮಾರು ಎದುರು ಬಂದರೆ ಮನೆಯೇ ಸಿಗುತ್ತದೆ. ಈ ಬದಿಯವರೆಲ್ಲ ಹಾಗೇ ಬರುತ್ತೇವೆ. ಹಾಲು ತರುವವರು, ಮೀನು ತರುವವರು, ದೇವಸ್ಥಾನಕ್ಕೆ ಹೋಗಿ ಬರುವವರು.

“ದಿನಾ ಹಾಗೇ ಬರ್ತಿದ್ದರು” ಎಂದೆ. “ನಾನು ಹಿಂದೆ ಕೂತಾಗಲೂ ಹಾಗೇ. ನೀನು ಕೂತಾಗಲೂ ಹಾಗೇ.”

ಅವಳು ತಲೆಯಾಡಿಸಿದಳು. ಇಬ್ಬರೂ ಅಳಲಿಲ್ಲ. ಹೊರಗೆ ಹೈವೇಯ ಸದ್ದು ಇದ್ದೇ ಇತ್ತು. ಅದು ಯಾವಾಗ ನಿಂತಿದೆ?

ಆಗ ನನಗೆ ಎಲ್ಲಿಂದಲೋ ಸಿಟ್ಟು ಬಂತು. “ಆಯ್ತು, ಎದುರು ಬಂದರು. ಹಾಗಂತ ಗುದ್ದಬಹುದಾ? ಲಾರಿಗೆ ಬ್ರೇಕ್ ಇರಲಿಲ್ಲವಾ? ಲೈಟ್ ಹಾಕಿಕೊಂಡು ಬರುವ ಸ್ಕೂಟರ್ ಅವನಿಗೆ ಕಾಣುದಿಲ್ಲವಾ? ಯೂ ಟರ್ನ್ ಅಷ್ಟು ದೂರ ಇಟ್ಟದ್ದು ಯಾರು, ನಾವಾ? ಆ ಹೆಂಗಸಿನ ಪರವಾಗಿ ಇದನ್ನೆಲ್ಲ ಯಾರೂ ಕೇಳುವವರಿಲ್ಲವಾ?”

ದೀಕ್ಷಾ ಬಾಯಿ ತೆರೆದು ನೋಡಿದಳು. “ಅಮ್ಮ, ಯೂ ಟರ್ನಿನ ಪಾಯಿಂಟ್ ಜೆನಿಟಾ ಹೇಳಲೇ ಇಲ್ಲ!”

“ಹೇಳದಿದ್ರೆ ಅವಳು ಎಂತ ವಕೀಲೆ? ಈಗ ನಾನು ಹೇಳಿದೆನಲ್ಲ. ಉತ್ತರ ಕೊಡು.”

ನಕ್ಕುಬಿಟ್ಟಳು. ಆಮೇಲೆ ಕಣ್ಣು ಒರೆಸಿಕೊಂಡು ಉತ್ತರ ಕೊಟ್ಟಳು. ಮೊದಲು ತುಳುವಿನಲ್ಲಿ. ನನಗೆ ಒಪ್ಪಿಗೆಯಾಗಲಿಲ್ಲ. ಇನ್ನೊಂದು ರೀತಿಯಲ್ಲಿ ಹೇಳಿದಳು. ಅದೂ ಒಪ್ಪಿಗೆಯಾಗಲಿಲ್ಲ, ಆದರೆ ಎದುರು ಹೇಳಲು ನನಗೆ ಏನೂ ತೋಚಲಿಲ್ಲ. ಕೂಡಲೇ ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡಳು. ಪುಸ್ತಕದ ವಾಕ್ಯವಲ್ಲ, ಗಿಡ್ಡ ಗಿಡ್ಡ ವಾಕ್ಯ. ನಿಲ್ಲಲು ಜಾಗ ಇರುವಂಥದ್ದು. ಜಡ್ಜ್ ತಡೆದು ಕೇಳಿದರೂ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ಆ ವಾರ ಪ್ರತಿ ಸಂಜೆ ನಮ್ಮ ಮನೆಯಲ್ಲಿ ಕೋರ್ಟು. ನಾನು ಹೋದವರ ಕಡೆ. ಅವಳು ಎದುರು ಕಡೆ. ಪಕ್ಕದ ಮನೆಯವರು ಬೇಲಿಯಿಂದ ಕೇಳಿದರು. “ಎಂತ, ತಾಯಿ ಮಗಳು ದಿನಾ ಜಗಳವಾ?” ಹೌದು ಎಂದೆ.

ಇಂಗ್ಲಿಷಿನ ತೊಂದರೆ ಸುಳ್ಳು ಎಂದು ನಾನು ಹೇಳುವುದಿಲ್ಲ. ತೊಂದರೆ ನಿಜ. ಇಂಥ ಮಕ್ಕಳಿಗೆ ಬೇಕಾದ ಇಂಗ್ಲಿಷನ್ನು ಯಾರಾದರೂ ಕೂತು ಕಲಿಸಬೇಕು. ಹವ್ಯಾಸದ ಇಂಗ್ಲಿಷಲ್ಲ. ಉದ್ದದ ವಾಕ್ಯ ಒಡೆಯುವುದು, ಪ್ರಶ್ನೆಗೆ ನಿಂತು ಉತ್ತರ ಕೊಡುವುದು, ತನಗನ್ನಿಸಿದ್ದನ್ನು ತನ್ನದೇ ವಾಕ್ಯದಲ್ಲಿ ಬರೆಯುವುದು. ಜೆನಿಟಾಳಿಗೂ ಅದೇ ಬೇಕು. ಆದರೆ ಬಾಯಿ ಕಟ್ಟಿದ ಪ್ರತಿ ಹುಡುಗಿಗೂ ಮಣಿಪಾಲದ ಬಸ್ಸು ತೋರಿಸಿಬಿಟ್ಟರೆ ಆಯಿತೇ?

ಶನಿವಾರ ಬಂತು. ದೀಕ್ಷಾ ಬಿಳಿ ಚೂಡಿದಾರ ಹಾಕಿ, ಕಪ್ಪು ಕೋಟು ಕೈಯಲ್ಲಿ ಹಿಡಿದು ಬಸ್ಸು ಹತ್ತಿದಳು. ಹತ್ತುವಾಗ ತಿರುಗಿ ನೋಡಲಿಲ್ಲ.

ನಾನು ಮಿಷಿನಿನ ಮುಂದೆ ಕೂತೆ. ಒಂದು ಬ್ಲೌಸಿಗೆ ಎರಡೂ ಎಡಗೈಯ ತೋಳು ಹೊಲಿದೆ. ಬಿಚ್ಚಿದೆ. ನಾನು ಮಾಡಿದ್ದು ಸರಿಯೇ? ಅಪ್ಪನಂಥವರ ತಪ್ಪನ್ನು ತಡವರಿಸದೆ ಹೇಳುವುದು ಹೇಗೆಂದು ತಾಯಿಯೇ ಮಗಳಿಗೆ ಕಲಿಸಬಹುದೇ? ಅವಳು ಅಲ್ಲಿ ಪುನಃ ನಿಂತುಹೋದರೆ ಕೋರ್ಸು ಹೋಯಿತು. ನಿಲ್ಲದೆ ಹೇಳಿಬಿಟ್ಟರೆ? ನನಗೆ ಯಾವುದು ಬೇಕಿತ್ತೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಫೋನನ್ನು ಎದುರಿಗೇ ಇಟ್ಟುಕೊಂಡಿದ್ದೆ. ಚಾರ್ಜ್ ಉಂಟೇ ಎಂದು ಮತ್ತೆ ಮತ್ತೆ ನೋಡಿದೆ.

ಮೊದಲು ಬಂದದ್ದು ಸರ್ ಫೋನ್. “ತುಂಬ ಒಳ್ಳೇದು ಮಾಡಿದಳು ಅಮ್ಮ. ಜೆನಿಟಾ ಯೂ ಟರ್ನಿನ ವಿಷಯ ಎತ್ತಿದಳು, ನಾನೂ ಮಧ್ಯ ಮಧ್ಯ ತಡೆದೆ. ಎಲ್ಲದಕ್ಕೂ ಉತ್ತರ ಇತ್ತು! ಒಂದು ವಾರದಲ್ಲಿ ಇಂಗ್ಲಿಷ್ ಇಷ್ಟು ಇಂಪ್ರೂವ್ ಆಗ್ತದೆ ಅಂತ ನಾನು ಎಣಿಸಿರಲಿಲ್ಲ. ಮಣಿಪಾಲದ ಆ ಕ್ಲಾಸ್ ಒಳ್ಳೇದುಂಟು ಅಲ್ವಾ? ಬೇರೆ ಮಕ್ಕಳಿಗೂ ಹೇಳ್ತೇನೆ.”

“ಹೌದು ಸರ್” ಎಂದೆ.

ಸಂಜೆ ದೀಕ್ಷಾ ಬಂದಳು. ಕೋಟನ್ನು ಕುರ್ಚಿಗೆ ಹಾಕಿದಳು. ಕೈಕಾಲು ತೊಳೆದು ಬಂದು ನನ್ನ ಹತ್ತಿರ ಕೂತಳು.

“ಸರ್ ನಮ್ಮ ಕಡೆಗೆ ತೀರ್ಪು ಕೊಟ್ಟರು ಅಮ್ಮ. ಸತ್ತವರದ್ದೂ ತಪ್ಪು ಉಂಟು ಅಂತ.”

“ಎಲ್ಲಿಯೂ ನಿಲ್ಲಲಿಲ್ಲವಾ?”

“ಒಂದು ಕಡೆ ನಿಂತೆ. ನೀರು ಕುಡಿದೆ. ಆಮೇಲೆ ಹೇಳಿದೆ.” ನನ್ನ ಮುಖ ನೋಡಿ ಕೇಳಿದಳು. “ನಿಂಗೆ ಬೇಜಾರಾ?”

“ಬೇಜಾರೆಂತದಕ್ಕೆ? ಕಾಫಿ ಮಾಡ್ತೇನೆ” ಎಂದು ಎದ್ದೆ. ಒಳಗೆ ಹೋಗಿ ಹಾಲು ಉಕ್ಕುವವರೆಗೂ ಅಲ್ಲೇ ನಿಂತೆ.

ಕೋರ್ಸು ಬಿಡುವ ಮಾತು ಮತ್ತೆ ಅವಳ ಬಾಯಲ್ಲಿ ಬಂದಿಲ್ಲ. ಇದನ್ನೆಲ್ಲ ಬರೆಯಲೇ ಎಂದು ಅವಳನ್ನೇ ಕೇಳಿದೆ. “ಬರಿ ಅಮ್ಮ. ನಮ್ಮ ಕಾಲೇಜಿನಲ್ಲಿ ಕನ್ನಡ ಪೇಪರ್ ಓದುವವರು ಯಾರಿದ್ದಾರೆ?” ಎಂದಳು.

ಮಗಳು ಗೆದ್ದಳೆಂದು ಓಣಿಯವರಿಗೆಲ್ಲ ಹೇಳಿದ್ದೇನೆ. ಯಾರ ವಿರುದ್ಧ ಎಂದು ಹೇಳಿದ್ದು ನಿಮಗೆ ಮಾತ್ರ.